ಗಣಕಗಳ ವಠಾರ

‘ಸರ್ವರ್ ಡೌನ್’ ಎಂಬ ಎರಡು ಪದಗಳು ಈಗ ಕನ್ನಡದ ಮಾತೇ ಆಗಿಹೋಗಿವೆ. ಪಹಣಿ ತರಲು ಹೋದ ರೈತನಿಗೂ ಅದು ಗೊತ್ತು, ಪಿಂಚಣಿಗಾಗಿ ಸಾಲಿನಲ್ಲಿ ನಿಂತ ಅಜ್ಜಿಗೂ ಗೊತ್ತು. ಅರ್ಥವೇನೆಂದು ಕೇಳಿದರೆ ಮಾತ್ರ ‘ಇವತ್ತು ಕೆಲಸವಾಗುವುದಿಲ್ಲ, ನಾಳೆ ಬನ್ನಿ’ ಎಂಬುದಕ್ಕಿಂತ ಆಚೆಗೆ ಯಾರೂ ಹೇಳಲಾರರು. ಹಿಂದೆ ‘ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ’ ಎನ್ನುತ್ತಿದ್ದರಲ್ಲ, ಆ ಮಾತಿನ ಸ್ಥಾನವನ್ನು ಇದು ಹಿಡಿದಿದೆ. ಸರ್ವರ್ ಬೀಳುವುದಕ್ಕೆ ಕಾರಣಗಳು ಹತ್ತಾರು. ಅವುಗಳಲ್ಲಿ ಒಂದನ್ನು ಮಾತ್ರ ನಿಮ್ಮ ಮುಂದೆ ಬಿಡಿಸಿಡಬೇಕೆಂದಿದ್ದೇನೆ. ಇದು ವಿಚಿತ್ರವಾದ ಕಾರಣ. ಇದರಲ್ಲಿ ಯಂತ್ರ ಕೆಟ್ಟಿರುವುದಿಲ್ಲ, ವಿದ್ಯುತ್ತು ಹೋಗಿರುವುದಿಲ್ಲ, ತಂತಿ ಕಡಿದಿರುವುದಿಲ್ಲ. ಒಳ್ಳೆಯದಕ್ಕೆಂದು ಮಾಡಿದ ದುರಸ್ತಿಯಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ.

ಈ ವಿಷಯ ದೊಡ್ಡ ದೊಡ್ಡ ಕಂಪನಿಗಳದು, ನಮಗೇಕೆ ಎಂದು ನೀವು ಕೇಳಬಹುದು. ನಾನಿರುವುದು ಮರಳವಾಡಿಯ ಕಡೆ. ಇಲ್ಲಿ ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡು ಮಾರುವವರ ಮನೆಗಳು ಬಹಳ. ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ದಿನಗಳ ಲೆಕ್ಕ. ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಆ ಗೂಡಿನಿಂದ ಎಳೆ ತೆಗೆಯಲು ಬರುವುದಿಲ್ಲ. ಇಂಥ ರೈತನಿಗೆ ಒಂದು ದಿನ ಎಂದರೆ ಬರಿಯ ಒಂದು ದಿನವಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯ ಹರಾಜು ಇಂದು ಗಣಕಯಂತ್ರದ ಮೂಲಕ ನಡೆಯುತ್ತದೆ. ಹೊಲದ ಪಹಣಿಯೂ ಗಣಕದಿಂದಲೇ ಬರುತ್ತದೆ. 2000ದ ಸುಮಾರಿಗೆ ನಮ್ಮ ರಾಜ್ಯದಲ್ಲಿ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಶಾನುಭೋಗರ ಕಾಲದಿಂದ ಬಂದ ಕೈಬರಹದ ಪುಸ್ತಕಗಳನ್ನು ಬಿಟ್ಟು ಗಣಕದ ಒಳಗೆ ಹೋದವು. ಪುಸ್ತಕವಿದ್ದಾಗ ದೀಪ ಹಚ್ಚಿಕೊಂಡಾದರೂ ಓದಬಹುದಿತ್ತು. ಈಗ ಬಾಗಿಲು ತೆರೆದಿದ್ದರೆ ಮಾತ್ರ ಓದು.

ಹಾಗಾದರೆ ಆ ಬಾಗಿಲು ಎಂಥದು? ಮೊದಲು ಮನೆಯನ್ನು ನೋಡೋಣ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ವಠಾರವನ್ನು ನೀವು ಕಂಡಿದ್ದೀರಿ. ಒಂದು ದೊಡ್ಡ ಆವರಣ. ಒಳಗೆ ಹತ್ತು ಹನ್ನೆರಡು ಬಿಡಾರಗಳು. ಒಂದರಲ್ಲಿ ಮೇಷ್ಟರ ಸಂಸಾರ, ಇನ್ನೊಂದರಲ್ಲಿ ದರ್ಜಿಯ ಸಂಸಾರ, ಮತ್ತೊಂದರಲ್ಲಿ ಬ್ಯಾಂಕಿನ ಗುಮಾಸ್ತೆಯದು. ಒಬ್ಬರ ಅಡುಗೆ ಇನ್ನೊಬ್ಬರಿಗಿಲ್ಲ, ಒಬ್ಬರ ಪೆಟ್ಟಿಗೆಗೆ ಇನ್ನೊಬ್ಬರ ಬೀಗದ ಕೈ ಹತ್ತುವುದಿಲ್ಲ. ಆದರೆ ಬೀದಿಗೆ ಹೋಗಲು ಎಲ್ಲರಿಗೂ ಒಂದೇ ಹೆಬ್ಬಾಗಿಲು. ಇಂದಿನ ದೊಡ್ಡ ಗಣಕ ಕೇಂದ್ರಗಳು ಹೀಗೆಯೇ. ಕಬ್ಬಿಣದ ಯಂತ್ರ ಒಂದೇ. ಅದರೊಳಗೆ ಮಾಯೆಯಿಂದ ಕಟ್ಟಿದಂತೆ ಹತ್ತಾರು ಗಣಕಗಳು. ಪ್ರತಿಯೊಂದೂ ತಾನೊಂದು ಸ್ವತಂತ್ರ ಯಂತ್ರವೆಂದೇ ತಿಳಿದು ಸಂಸಾರ ನಡೆಸುತ್ತದೆ. ಇದಕ್ಕೆ ವರ್ಚುವಲೈಸೇಷನ್ ಎನ್ನುತ್ತಾರೆ. ನಾವು ಗಣಕಗಳ ವಠಾರ ಎನ್ನೋಣ. ಈ ಹತ್ತಾರು ಬಿಡಾರಗಳ ಮಾತುಕತೆಯೆಲ್ಲ ಹೊರಗೆ ಹೋಗುವುದು ಯಂತ್ರದ ಒಂದೆರಡು ಜಾಲದ ಕಾರ್ಡುಗಳ ಮೂಲಕ. ಹೆಬ್ಬಾಗಿಲೆಂದರೆ ಅದೇ.

ಈ ವಠಾರಕ್ಕೊಬ್ಬ ಯಜಮಾನನುಂಟು. ಅವನ ಹೆಸರು ಕರ್ನೆಲ್. ಇಂಗ್ಲಿಷಿನ ಆ ಪದಕ್ಕೆ ಬೀಜದೊಳಗಿನ ತಿರುಳು ಎಂದು ಅರ್ಥ. ಸೊಗಸಾದ ಹೆಸರು, ಯಂತ್ರದಲ್ಲಿ ನಡೆಯುವ ವ್ಯವಹಾರಗಳ ತಿರುಳು ಅದೇ. ಯಾರಿಗೆ ಎಷ್ಟು ಸ್ಥಳ, ಯಾರ ಸರದಿ ಯಾವಾಗ, ಯಾರ ಪತ್ರ ಯಾರಿಗೆ ಎಂಬುದೆಲ್ಲ ಅವನ ತೀರ್ಮಾನ. ಲಿನಕ್ಸ್ ಎಂಬ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ತೊಡಗಿದ. ಲೋಕದ ನಾನಾ ಕಡೆಯ ಕೈಗಳು ಸೇರಿ ಅದು ಇಂದು ಬಹುಪಾಲು ದೊಡ್ಡ ಸರ್ವರುಗಳ ಒಡೆಯನಾಗಿದೆ. 2007ರಲ್ಲಿ ಕೆವಿಎಂ ಎಂಬ ಭಾಗ ಸೇರಿದ ಮೇಲೆ ವಠಾರ ನಡೆಸುವ ಶಕ್ತಿಯೂ ತಿರುಳಿಗೇ ಬಂತು.

ಈ ಯಜಮಾನನಿಗೆ ಒಂದು ಮಿತಿಯಿದೆ. ಒಂದೊಂದು ಕಂಪನಿಯ ಕಾರ್ಡಿಗೂ ಒಂದೊಂದು ಭಾಷೆ. ಅವೆಲ್ಲ ಅವನಿಗೆ ಬಾರವು. ಅದಕ್ಕಾಗಿ ದುಭಾಷಿಗಳನ್ನು ಇಟ್ಟುಕೊಂಡಿದ್ದಾನೆ. ಅವರಿಗೆ ಡ್ರೈವರ್ ಎಂದು ಹೆಸರು. ಬಸ್ಸಿನ ಡ್ರೈವರನ್ನು ನೆನೆಯಬೇಡಿ. ದರ್ಬಾರಿನಲ್ಲಿ ರಾಜನಿಗೂ ಪರದೇಶದ ವ್ಯಾಪಾರಿಗೂ ನಡುವೆ ನಿಂತು ಮಾತು ಹೊರಳಿಸುವವನನ್ನು ನೆನೆಯಿರಿ. ರಾಜನೂ ಸರಿಯಾಗಿದ್ದು, ವ್ಯಾಪಾರಿಯೂ ಸರಿಯಾಗಿದ್ದು, ದುಭಾಷಿ ಮಾತ್ರ ಬಾರದೆ ಹೋದರೆ ಆ ದಿನ ದರ್ಬಾರು ನಡೆಯುವುದಿಲ್ಲ.

ಇನ್ನು ಮುಖ್ಯ ಪ್ರಶ್ನೆ. ನಡೆಯುತ್ತಿರುವ ಯಜಮಾನನನ್ನು ಬದಲಿಸುವುದೇಕೆ? ‘ಚೆನ್ನಾಗಿರುವುದನ್ನು ಕೆದಕಬೇಡ’ ಎಂಬುದು ನಮ್ಮ ಹಿರಿಯರ ಬುದ್ಧಿವಾದವಲ್ಲವೆ? ಆದರೆ ಇಲ್ಲಿ ಕೆದಕದೆ ವಿಧಿಯಿಲ್ಲ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಎರಡು ದೋಷಗಳು ಬಯಲಾದವು. ಅವು ಇದ್ದದ್ದು ಯಂತ್ರದ ಮಿದುಳಿನಂಥ ಪ್ರೊಸೆಸರಿನಲ್ಲೇ. ತನಗೆ ಸೇರದ ನೆನಪಿನ ಭಾಗವನ್ನು ಇಣಿಕಿ ನೋಡಲು ಅವು ದಾರಿ ಕೊಡುತ್ತಿದ್ದವು. ವಠಾರದ ಗೋಡೆಗೆ ಕಿಂಡಿ ಬಿದ್ದಂತೆ ಎನ್ನಿ. ದರ್ಜಿಯ ಬಿಡಾರದಿಂದ ಗುಮಾಸ್ತೆಯ ಲೆಕ್ಕದ ಪುಸ್ತಕ ಕಾಣುವಂತಾದರೆ ವಠಾರದಲ್ಲಿ ಯಾರು ತಾನೆ ಇದ್ದಾರು? ಲೋಕದ ಸರ್ವರುಗಳಲ್ಲೆಲ್ಲ ಹೊಸ ತಿರುಳನ್ನು ಹಾಕಿಯೇ ಆ ಕಿಂಡಿಗಳಿಗೆ ಗಾರೆ ಮೆತ್ತಬೇಕಾಯಿತು. ಹೀಗೆ ಬದಲಿಸುವುದು ಷೋಕಿಯಲ್ಲ, ಕರ್ತವ್ಯ. ಕಷ್ಟವೆಲ್ಲ ಬದಲಿಸುವ ರೀತಿಯಲ್ಲಿದೆ.

ಹೊಸ ಯಜಮಾನ ಬಂದಾಗ ಹೆಬ್ಬಾಗಿಲು ಮುಚ್ಚಿಕೊಳ್ಳುವ ಬಗೆಗಳು ಮೂರು.

ಮೊದಲನೆಯದು ಹೆಸರಿನ ತೊಂದರೆ. ಹಿಂದೆ ಯಂತ್ರ ಎದ್ದಾಗ ಮೊದಲು ಕಣ್ಣಿಗೆ ಬಿದ್ದ ಕಾರ್ಡಿಗೆ ‘ಇಟಿಎಚ್ 0’, ಆಮೇಲೆ ಕಂಡದ್ದಕ್ಕೆ ‘ಇಟಿಎಚ್ 1’ ಎಂದು ಹೆಸರಿಡುತ್ತಿದ್ದರು. ಕಂಡ ಕ್ರಮ ತಿರುಗುಮುರುಗಾದರೆ ಹೆಸರೂ ತಿರುಗುಮುರುಗು. ಇದನ್ನು ಸರಿಪಡಿಸಲು 2013ರಿಂದ ಕಾರ್ಡು ಕುಳಿತ ಜಾಗವನ್ನು ನೋಡಿ, ಮನೆಗೆ ಬಾಗಿಲ ಸಂಖ್ಯೆ ಕೊಟ್ಟಂತೆ, ಹೆಸರಿಡುವ ಪದ್ಧತಿ ಬಂತು. ಇನ್ನು ಹೆಸರು ಕದಲದು ಎಂದುಕೊಂಡರು. ಆದರೆ ಹೊಸ ತಿರುಳಿನೊಡನೆ ಬರುವ ದುಭಾಷಿ ಕೆಲವೊಮ್ಮೆ ಹಳಬನಿಗಿಂತ ಹೆಚ್ಚು ತಿಳಿದವನಾಗಿರುತ್ತಾನೆ. ಕಾರ್ಡಿನ ಈ ಕಿಂಡಿ ಎಷ್ಟನೆಯದು ಎಂಬುದನ್ನೂ ಸೇರಿಸಿ ಹೇಳುತ್ತಾನೆ. ನಿನ್ನೆ ‘ಇಎನ್‌ಪಿ1ಎಸ್0ಎಫ್0’ ಎಂದಿದ್ದ ಹೆಸರಿಗೆ ಇಂದು ‘ಎನ್‌ಪಿ0’ ಎಂಬ ಬಾಲ ಹತ್ತುತ್ತದೆ. ನಮ್ಮ ವ್ಯಾಕರಣದ ಆಗಮಸಂಧಿಯನ್ನು ನೆನೆದರೆ ಇದು ತಿಳಿಯುತ್ತದೆ. ‘ಮನೆ’ಗೆ ‘ಅನ್ನು’ ಸೇರಿದಾಗ ನಡುವೆ ಯಕಾರ ಬಂದು ‘ಮನೆಯನ್ನು’ ಆಗುತ್ತದೆ. ನಿಯಮ ಸರಿಯೇ, ಪದ ಬಲ್ಲವನಿಗೆ ಗೊಂದಲವಿಲ್ಲ. ಆದರೆ ಯಂತ್ರಕ್ಕೆ ಸಂಧಿ ಬಿಡಿಸಲು ಬಾರದು. ವಠಾರದ ಒಳದಾರಿಯನ್ನು ಹೆಬ್ಬಾಗಿಲಿಗೆ ಸೇರಿಸುವ ಚೀಟಿಯಲ್ಲಿ ಹಳೆಯ ಹೆಸರು ಬರೆದಿರುತ್ತದೆ. ಆ ಹೆಸರಿನವರು ಯಾರೂ ಇಲ್ಲವೆಂದು ಯಂತ್ರ ಸುಮ್ಮನಾಗುತ್ತದೆ. ಒಳಗೆ ಎಲ್ಲ ಬಿಡಾರಗಳಲ್ಲೂ ದೀಪ ಉರಿಯುತ್ತಿರುತ್ತದೆ, ಒಲೆ ಹೊತ್ತಿರುತ್ತದೆ. ಬೀದಿಗೆ ಮಾತ್ರ ದಾರಿಯಿಲ್ಲ. ಇದು ಎಷ್ಟು ಸಾಮಾನ್ಯವೆಂದರೆ, ಇಂಥ ವಠಾರ ನಡೆಸಲು ಬಳಸುವ ಪ್ರಾಕ್ಸ್‌ಮಾಕ್ಸ್ ಎಂಬ ಆಸ್ಟ್ರಿಯದ ತಂತ್ರಾಂಶದವರು 2024ರಲ್ಲಿ 6.8ನೆಯ ತಿರುಳನ್ನು ಕೊಟ್ಟಾಗ ಹೆಸರು ಬದಲಾಗಬಹುದೆಂದು ಮುನ್ನೆಚ್ಚರಿಕೆ ಬರೆದರು. 2025ರ 9ನೆಯ ಆವೃತ್ತಿಯಲ್ಲಿ ಹೆಸರನ್ನು ಮೊಳೆ ಹೊಡೆದಂತೆ ನಿಲ್ಲಿಸುವ ಉಪಕರಣವನ್ನೇ ಒದಗಿಸಿದರು.

ಎರಡನೆಯದು ದುಭಾಷಿಯೇ ಬಾರದಿರುವುದು. ಹೆಚ್ಚಿನ ದುಭಾಷಿಗಳು ತಿರುಳಿನ ಮನೆಯವರೇ. ಯಜಮಾನ ಬದಲಾದರೆ ಅವರೂ ಹೊಂದಿಕೊಂಡು ಬರುತ್ತಾರೆ. ಕೆಲವರು ಮಾತ್ರ ಹೊರಗಿನವರು. ಕಾರ್ಡು ಮಾಡಿದ ಕಂಪನಿ ಬೇರೆಯಾಗಿ ಕಳಿಸಿದವರು. ಲಿನಕ್ಸಿನವರ ನೀತಿಯೆಂದರೆ, ಮೇಲೆ ನಡೆಯುವ ಕಾರ್ಯಕ್ರಮಗಳಿಗೆ ಕೊಟ್ಟ ಮಾತನ್ನು ಮುರಿಯಬಾರದು. ಆದರೆ ಒಳಮನೆಯ ಏರ್ಪಾಡನ್ನು ಬೇಕೆಂದಾಗ ಬದಲಿಸಬಹುದು. ಆದ್ದರಿಂದ ಹೊರಗಿನ ದುಭಾಷಿಯನ್ನು ಪ್ರತಿ ಹೊಸ ತಿರುಳಿಗೂ ಮತ್ತೆ ಅಣಿಗೊಳಿಸಬೇಕು. ಅದನ್ನು ಮರೆತು ಯಂತ್ರವನ್ನು ಮಲಗಿಸಿ ಎಬ್ಬಿಸಿದರೆ ಕಾರ್ಡು ಮೂಗನಂತೆ ಕುಳಿತಿರುತ್ತದೆ.

ಮೂರನೆಯದು ಅಪರೂಪ, ಆದರೆ ಭಯಂಕರ. 2008ರ ಸೆಪ್ಟೆಂಬರಿನಲ್ಲಿ, 2.6.27 ಎಂಬ ತಿರುಳು ಇನ್ನೂ ಪರೀಕ್ಷೆಯಲ್ಲಿದ್ದಾಗ, ಅದನ್ನು ಹಾಕಿಕೊಂಡ ಕೆಲವರ ಯಂತ್ರಗಳಲ್ಲಿ ಇಂಟೆಲ್ ಕಂಪನಿಯ ಜಾಲದ ಕಾರ್ಡುಗಳು ಸತ್ತುಹೋದವು. ಹಳೆಯ ತಿರುಳಿಗೆ ಹಿಂದಿರುಗಿದರೂ ಅವು ಏಳಲಿಲ್ಲ. ಕಾರ್ಡು ತನ್ನ ಗುರುತನ್ನು ಬರೆದಿಟ್ಟುಕೊಳ್ಳುವ ಪುಟ್ಟ ನೆನಪಿನ ಗೂಡೇ ಅಳಿಸಿಹೋಗಿತ್ತು. ಎಲ್ಲರೂ ಬೆರಳು ತೋರಿಸಿದ್ದು ‘ಇ1000ಇ’ ಎಂಬ ದುಭಾಷಿಯ ಕಡೆಗೆ. ವಾರಗಟ್ಟಲೆ ಹುಡುಕಿದ ಮೇಲೆ ತಿಳಿಯಿತು, ಅಪರಾಧಿ ಅವನಲ್ಲ. ತಿರುಳಿನ ಓಟವನ್ನು ಪತ್ತೆಹಚ್ಚಲು ಹೊಸದಾಗಿ ಸೇರಿಸಿದ್ದ ‘ಎಫ್‌ಟ್ರೇಸ್’ ಎಂಬ ಸಾಧನ, ಹಿಂದೆ ಗುರುತು ಮಾಡಿಕೊಂಡಿದ್ದ ಜಾಗಗಳಿಗೆ ಹೋಗಿ ಬರೆಯುತ್ತಿತ್ತು. ಅಷ್ಟರಲ್ಲಿ ಆ ಜಾಗ ಬೇರೆಯವರ ಪಾಲಾಗಿತ್ತು; ಅಲ್ಲಿ ಕಾರ್ಡಿನ ನೆನಪು ಬಂದು ಕುಳಿತಿತ್ತು. ಹಳೆಯ ಚಕ್ಕುಬಂದಿಯ ಚೀಟಿ ಹಿಡಿದ ಸರ್ವೆಯವನು ಹೊಲವೆಂದು ತಿಳಿದು, ಈಚೆಗೆ ಎದ್ದ ಮನೆಯ ಗೋಡೆಗೆ ಗುದ್ದಲಿ ಹಾಕಿದಂತಾಯಿತು. ಅಕ್ಟೋಬರಿನಲ್ಲಿ ಆ ಸಾಧನದ ಅಪಾಯದ ಭಾಗವನ್ನು ನಿಲ್ಲಿಸಿ, ತಿದ್ದಿದ ತಿರುಳನ್ನು ಕೊಟ್ಟರು. ನಷ್ಟವಾದದ್ದು ಪರೀಕ್ಷಿಸುತ್ತಿದ್ದವರಿಗೆ. ಅವರು ಮೊದಲು ತಮ್ಮ ಯಂತ್ರಗಳ ಮೇಲೆ ಪ್ರಯೋಗಿಸಿ ಕೂಗಿ ಹೇಳಿದ್ದರಿಂದ ಲೋಕದ ಸರ್ವರುಗಳು ಉಳಿದವು. ಎದುರಿಗೆ ಕಂಡವನನ್ನೇ ಕಳ್ಳನೆನ್ನಬಾರದು ಎಂಬ ನೀತಿಯೂ ಇದರಲ್ಲಿದೆ.

ಪರೀಕ್ಷೆ ಸಾಲದೆ ಹೋದಾಗ ಏನಾಗುತ್ತದೆಂಬುದನ್ನು ನಾವು ಬೆಂಗಳೂರಿನಲ್ಲೇ ಕಂಡೆವು. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಕಾವಲು ತಂತ್ರಾಂಶವೊಂದು ವಿಂಡೋಸ್ ಯಂತ್ರಗಳ ತಿರುಳಿನಲ್ಲಿ ಡ್ರೈವರಾಗಿ ಕುಳಿತಿತ್ತು. ಅದಕ್ಕೆ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಒಂದು ಹೊಸ ಕಡತ ಬಂತು. ಡ್ರೈವರು 21ನೆಯ ಅಂಕಣವನ್ನು ಓದಹೋಯಿತು. ಅದಕ್ಕೆ ಕೊಟ್ಟಿದ್ದ ಅಂಕಣಗಳು 20. ಇಷ್ಟೇ. 78 ನಿಮಿಷದಲ್ಲಿ ಕಡತವನ್ನು ಹಿಂದಕ್ಕೆ ಪಡೆದರೂ ಅಷ್ಟರಲ್ಲಿ ಲೋಕದಲ್ಲಿ ಸುಮಾರು 85 ಲಕ್ಷ ಯಂತ್ರಗಳು ಮಲಗಿದ್ದವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಸಾಲು ಬೆಳೆಯಿತು. ದೇಶದಲ್ಲಿ ಕೈಬರಹದ ಚೀಟಿ ಕೊಟ್ಟು ಪ್ರಯಾಣಿಕರನ್ನು ವಿಮಾನ ಹತ್ತಿಸಿದ್ದೂ ಉಂಟು. ಇದು ಜಾಲದ ಕಾರ್ಡಿನ ಡ್ರೈವರಲ್ಲ, ಲಿನಕ್ಸೂ ಅಲ್ಲ. ಆದರೆ ಪಾಠ ಒಂದೇ. ತಿರುಳಿನ ಹತ್ತಿರ ಇರುವವನು ಎಡವಿದರೆ ಇಡೀ ಮನೆ ಎಡವುತ್ತದೆ. ಎಲ್ಲ ಮನೆಗಳಲ್ಲೂ ಒಂದೇ ಗಳಿಗೆಯಲ್ಲಿ ಬದಲಾವಣೆ ಮಾಡಿದರೆ ಊರಿಗೆ ಊರೇ ಎಡವುತ್ತದೆ.

ಇದಕ್ಕೆ ಮದ್ದಿಲ್ಲವೆ? ಉಂಟು, ಅದೂ ದುಬಾರಿಯಾದುದಲ್ಲ. ಬಲ್ಲವರು ಎಲ್ಲಕ್ಕೂ ಮೊದಲು ಹಳೆಯ ತಿರುಳನ್ನು ಒಗೆಯದೆ ಪಕ್ಕದಲ್ಲಿಡುತ್ತಾರೆ. ಹೊಸದು ಕೈಕೊಟ್ಟರೆ ಯಂತ್ರ ಏಳುವಾಗ ಹಳೆಯದನ್ನೇ ಆರಿಸಬಹುದು. ಪ್ರತಿ ಕಾರ್ಡಿಗೂ ಕಾರ್ಖಾನೆಯಲ್ಲೇ ಬರೆದ ಒಂದು ಸ್ವಂತ ಸಂಖ್ಯೆಯುಂಟು. ಹೆಸರನ್ನು ಆ ಸಂಖ್ಯೆಗೆ ಕಟ್ಟಿಬಿಟ್ಟರೆ ದುಭಾಷಿ ಏನೇ ಕರೆದರೂ ಹೆಸರು ಕದಲದು. ಹೊರಗಿನ ದುಭಾಷಿ ಸಿದ್ಧನಾಗಿದ್ದಾನೆಯೆ ಎಂದು ಯಂತ್ರ ಮಲಗಿಸುವ ಮುನ್ನವೇ ನೋಡುತ್ತಾರೆ, ಎದ್ದ ಮೇಲಲ್ಲ. ವಠಾರದ ಸಂಸಾರಗಳನ್ನು ನಡೆಯುತ್ತಿದ್ದಂತೆಯೇ ಪಕ್ಕದ ವಠಾರಕ್ಕೆ ಸಾಗಿಸಿ, ಖಾಲಿಯಾದ ಮನೆಯಲ್ಲಿ ದುರಸ್ತಿ ಮಾಡುತ್ತಾರೆ. ಅದೂ ಒಂದಾದ ಮೇಲೆ ಒಂದು. ಹೆಬ್ಬಾಗಿಲು ಮುಚ್ಚಿದರೂ ಒಳಗೆ ಹೋಗಲು ಹಿತ್ತಲ ಬಾಗಿಲೊಂದನ್ನು, ಎಂದರೆ ಜಾಲದ ಕಾರ್ಡನ್ನು ನೆಚ್ಚದ ಬೇರೊಂದು ಸಂಪರ್ಕವನ್ನು, ಇಟ್ಟುಕೊಂಡಿರುತ್ತಾರೆ. ಜಾಲದ ಏರ್ಪಾಡು ಬದಲಿಸುವಾಗ ಗಡಿಯಾರ ಇಟ್ಟು ಕೆಲಸ ಮಾಡುವ ಉಪಾಯವೂ ಇದೆ. ಉಬುಂಟುವಿನ ನೆಟ್‌ಪ್ಲ್ಯಾನ್‌ನಲ್ಲಿ ‘ಟ್ರೈ’ ಎಂದು ಅಪ್ಪಣೆ ಕೊಟ್ಟರೆ, 120 ಸೆಕೆಂಡಿನೊಳಗೆ ‘ಸರಿಯಾಗಿದೆ’ ಎಂಬ ಉತ್ತರ ಬಾರದಿದ್ದಲ್ಲಿ ಅದು ತಾನಾಗಿ ಹಳೆಯದಕ್ಕೆ ಹಿಂದಿರುಗುತ್ತದೆ. ದುಡುಕಿನ ಶಿಷ್ಯನ ಹಿಂದೆ ನಿಂತ ತಾಳ್ಮೆಯ ಗುರುವಿನಂತೆ.

ಈ ಕೆಲಸ ನಡೆಯುವುದು ಸಾಮಾನ್ಯವಾಗಿ ಶನಿವಾರದ ರಾತ್ರಿ, ಊರು ಮಲಗಿದ ಮೇಲೆ. ಮಾಡುವವರು ಬೇರೆ ಯಾರೋ ಅಲ್ಲ. ನಮ್ಮ ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯಿಂದ ಬೆಂಗಳೂರಿಗೆ ಹೋದ ಹುಡುಗ ಹುಡುಗಿಯರೂ ಅವರಲ್ಲಿದ್ದಾರೆ. ಮಗ ಭಾನುವಾರ ಹಬ್ಬದೂಟಕ್ಕೆ ಬರಲಿಲ್ಲವೆಂದು ತಾಯಂದಿರು ಕೊರಗುವುದುಂಟು. ಅವನು ಆ ರಾತ್ರಿ ಒಂದು ವಠಾರದ ಹೆಬ್ಬಾಗಿಲು ಕಾಯುತ್ತಿದ್ದನೆಂದು ತಿಳಿಯಿರಿ. ಅವನ ಕೆಲಸ ಚೆನ್ನಾಗಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ; ಕೆಟ್ಟರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಹೀಗೆ ಕಾಣದಂತೆ ನಡೆಯುವ ಕೆಲಸಕ್ಕೆ ನಮ್ಮಲ್ಲಿ ಮರ್ಯಾದೆ ಇರಬೇಕು.

ಮರ್ಯಾದೆಯೊಡನೆ ಒಂದು ಕೇಳಿಕೆಯೂ ಇರಲಿ. ದುರಸ್ತಿ ಯಾವ ದಿನವೆಂದು ಮುಂಚೆಯೇ ತಿಳಿದಿರುತ್ತದೆ. ಅದನ್ನು ಕಚೇರಿಯ ಬಾಗಿಲಿಗೆ ಒಂದು ಹಾಳೆಯಲ್ಲಿ ಬರೆದು ಅಂಟಿಸಿದರೆ ಹೊಲ ಬಿಟ್ಟು, ಬಸ್ಸಿಗೆ ಕಾಸು ಕೊಟ್ಟು ಬರುವವನ ಒಂದು ದಿನ ಉಳಿಯುತ್ತದೆ. ‘ಸರ್ವರ್ ಡೌನ್’ ಎಂದು ಯಾರಾದರೂ ಹೇಳಿದಾಗ ನೀವು ಸಮಾಧಾನದಿಂದಲೇ ಕೇಳಿ: ‘ತಿರುಳು ಬದಲಾಯಿಸಿದಿರೋ? ಹಳೆಯದನ್ನು ಇಟ್ಟುಕೊಂಡಿದ್ದೀರೋ?’ ಕಿಟಕಿಯ ಹಿಂದೆ ಕುಳಿತವರಿಗೆ ಉತ್ತರ ಗೊತ್ತಿರಲಾರದು. ಆದರೆ ಪ್ರಶ್ನೆ ಹತ್ತು ಬಾಯಿಂದ ಬಂದರೆ ಅದು ಮೇಲಕ್ಕೆ ಹೋಗುತ್ತದೆ. ಕೇಳುವವರಿದ್ದಾರೆಂದು ತಿಳಿದಾಗ ಕೆಲಸ ಮಾಡುವವರ ಎಚ್ಚರವೂ ಹೆಚ್ಚುತ್ತದೆ.