ಎರವಲು ಸೇವೆ

ನಮ್ಮ ಸರ್ಕಾರಿ ಕಚೇರಿಗಳಲ್ಲಿ ‘ಎರವಲು ಸೇವೆ’ ಎಂಬ ಮಾತೊಂದು ಬಹುಕಾಲದಿಂದ ಬಳಕೆಯಲ್ಲಿದೆ. ಒಂದು ಇಲಾಖೆಯ ನೌಕರನನ್ನು ಮತ್ತೊಂದಕ್ಕೆ ಕೆಲವು ಕಾಲ ಕೊಟ್ಟು ಹಿಂದಕ್ಕೆ ಪಡೆಯುವುದು. ಮದುವೆಗೆ ನೆರೆಮನೆಯ ಹಂಡೆ ತಂದ ಹಾಗೆ. ಮನುಷ್ಯರನ್ನೂ ಎರವಲು ಕೊಡುವುದು ನನಗೆ ತಮಾಷೆಯಾಗಿಯೇ ಕಾಣುತ್ತಿತ್ತು, ನನ್ನ ತಂಗಿಯ ಮಗಳು ಹಾಗೆ ಲಂಡನ್ನಿಗೆ ಹೋಗುವವರೆಗೆ.

ಅವಳು ನಂಜನಗೂಡಿನಲ್ಲಿ, ಶ್ರೀಕಂಠೇಶ್ವರನ ರಥಬೀದಿಯಲ್ಲಿ ಬೆಳೆದವಳು. ಬೆಂಗಳೂರಿನಲ್ಲಿ ಕಾನೂನು ಓದಿ, ಕಂಪನಿಗಳ ವ್ಯವಹಾರ ನೋಡುವ ವಕೀಲರ ಸಂಸ್ಥೆಯೊಂದನ್ನು ಸೇರಿದಳು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಆರು ತಿಂಗಳ ಮಟ್ಟಿಗೆ ಲಂಡನ್ನಿನ ಸಾಲಿಸಿಟರರ ಕಚೇರಿಗೆ ಎರವಲಾದಳು. ಮಗಳು ಒಮ್ಮೆಯೂ ಕರಿಕೋಟು ತೊಟ್ಟು ವಾದಿಸಲಿಲ್ಲವಲ್ಲ ಎಂಬುದು ತಂಗಿಯ ಕೊರಗು. ಇಂಗ್ಲೆಂಡಿನಲ್ಲಿ ವಾದಿಸುವ ಬ್ಯಾರಿಸ್ಟರು ಬೇರೆ, ಕಾಗದಪತ್ರ ಸಿದ್ಧಪಡಿಸಿ ಸಲಹೆ ಕೊಡುವ ಸಾಲಿಸಿಟರು ಬೇರೆ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅವಳಿಗೆ ಸಮಾಧಾನವಿಲ್ಲ.

ಅಲ್ಲಿ ದಿನವನ್ನು ಆರಾರು ನಿಮಿಷದ ತುಂಡುಗಳಾಗಿ ಕತ್ತರಿಸಿ, ಯಾವ ತುಂಡು ಯಾವ ಕಕ್ಷಿದಾರನದೆಂದು ಬರೆದಿಡಬೇಕಂತೆ. ನಮ್ಮ ಪಂಚಾಂಗದ ಘಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ಅದರಲ್ಲಿ ಇಂಥವು ನಾಲ್ಕು. ಚಳಿಗಾಲದಲ್ಲಿ ತಾಯಿ ಇಲ್ಲಿ ಬೆಳಿಗ್ಗೆ ಏಳಕ್ಕೆ ಫೋನು ಮಾಡಿದರೆ ಅಲ್ಲಿ ನಡುರಾತ್ರಿ ಒಂದೂವರೆ. ಎಷ್ಟೋ ಸಲ ಮಗಳು ಇನ್ನೂ ಕಚೇರಿಯಲ್ಲೇ ಇರುತ್ತಿದ್ದಳು.

ಒಂದು ಸಂಜೆ ಸಹೋದ್ಯೋಗಿಗಳು ಸಾಲೊಮನ್ ಮೊಕದ್ದಮೆಯ ಮಾತೆತ್ತಿದರು. ಪಾದರಕ್ಷೆಯ ವ್ಯಾಪಾರಿಯೂ ಅವನೇ ಕಟ್ಟಿದ ಕಂಪನಿಯೂ ಕಾನೂನಿನ ಕಣ್ಣಿಗೆ ಬೇರೆ ಬೇರೆ ವ್ಯಕ್ತಿಗಳೆಂದು 1896ರಲ್ಲಿ ಅಲ್ಲಿನ ಪ್ರಭುಸಭೆ ತೀರ್ಪಿತ್ತ ಪ್ರಸಿದ್ಧ ಪ್ರಕರಣ ಅದು. ನಮ್ಮವಳು, “ನಮ್ಮಲ್ಲಿ ದೇವರೂ ಕಾನೂನಿನ ವ್ಯಕ್ತಿ, ಆಸ್ತಿ ಅವನ ಹೆಸರಿನಲ್ಲಿರಬಹುದು, ಅವನು ದಾವೆ ಹೂಡಲೂಬಹುದು” ಎಂದಳಂತೆ. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೇಳಿದರಂತೆ. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ?

ಅವಧಿ ಮುಗಿಯಿತು. ಇಲ್ಲಿಯೇ ಉಳಿಯುವೆಯಾ ಎಂದು ಅವರು ಕೇಳಿದ್ದಾರೆ. ಉತ್ತರ ಕೊಡುವ ಮೊದಲು ಅವಳು ಊರಿಗೆ ಬಂದಳು. ಅವಳ ದಿವಂಗತ ತಂದೆಯ ಕಡೆಯ ಪಿತ್ರಾರ್ಜಿತ ಜಮೀನು ತಿ. ನರಸೀಪುರದ ಬಳಿ, ಕಪಿಲೆ ಕಾವೇರಿಯನ್ನು ಕೂಡುವುದಕ್ಕೆ ಸ್ವಲ್ಪ ಮೇಲೆ ಇದೆ. ದೊಡ್ಡಪ್ಪನವರು ಹಕ್ಕು ಬಿಡುಗಡೆ ಪತ್ರವೊಂದನ್ನು ಬರೆಸಿ ಇಟ್ಟಿದ್ದರು. “ಹೇಗೂ ನೀನು ಅಲ್ಲಿರುವವಳು ಮಗಳೇ, ಒಂದು ಸಹಿ ಹಾಕಿಬಿಡು” ಎಂದರು. ಕೆಡುಕಿನ ಮನುಷ್ಯರಲ್ಲ, ಉಳುಮೆಯ ಕಷ್ಟ ಉಂಡವರು. ಆದರೆ 1994ರ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ ಬಂದ ಮೇಲೂ ಹೆಣ್ಣುಮಕ್ಕಳ ಪಾಲು ಹೀಗೆ ಸಹಿಯಲ್ಲಿಯೇ ಕರಗುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ನೂರಾರು ಪುಟಗಳ ಇಂಗ್ಲಿಷ್ ಕರಾರುಗಳನ್ನು ತಿದ್ದಿದ ಹುಡುಗಿ ಆ ನಾಲ್ಕು ಪುಟದ ಕನ್ನಡವನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದಳು. “ಮಾವ, ಚಕ್ಕುಬಂದಿ ಎಂದರೇನು?” ನಾಲ್ಕು ದಿಕ್ಕಿನ ಎಲ್ಲೆ ಎಂದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಮನೆಯ ಮಗುವಿಗೆ ಈ ಮಾತನ್ನು ಕಲಿಸಿರಲಿಲ್ಲ. ಇಬ್ಬರೂ ಕುಳಿತು ಸಾಲು ಸಾಲಾಗಿ ಓದಿದೆವು. ಪಶ್ಚಿಮಕ್ಕೆ ‘ಹೊಳೆ’ ಎಂದಷ್ಟೇ ಇತ್ತು.

“ಹೊಳೆ ಜರುಗಿದರೆ ಎಲ್ಲೆ ಯಾವುದು ಮಾವ?” ಎಂದಳು.

ಪತ್ರ ನನ್ನ ಮೇಜಿನ ಖಾನೆಯಲ್ಲಿದೆ. ದೊಡ್ಡಪ್ಪನವರು ಎರಡು ಬಾರಿ ಹೇಳಿಕಳುಹಿಸಿದ್ದಾರೆ. ನಾಳೆ ಅವಳು ಅಳತೆ ನೋಡಲು ನರಸೀಪುರಕ್ಕೆ ಹೊರಟಿದ್ದಾಳೆ. ಲಂಡನ್ನಿನವರಿಗೂ ಇನ್ನೂ ಉತ್ತರ ಬರೆದಿಲ್ಲ.