ಚಿಪ್ಪಿನ ಪದಕವೂ ಹುಣಿಸೆಹಣ್ಣೂ

ಕೋಲಾರದ ಚಿನ್ನದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶವಾದುವು. ಅದಕ್ಕೆ ಮುಂಚೆ ಅಲ್ಲಿ ನೆಲಸಿದ್ದ ಆಂಗ್ಲ ಸಂಸಾರಗಳ ಕಾಲದ ‘ಕ್ಯಾಮಿಯೋ’ ಪದಕವೊಂದು ನಿಮ್ಮಲ್ಲಿ ಯಾರ ಪೆಟ್ಟಿಗೆಯಲ್ಲಾದರೂ ಇದ್ದೀತು. ಕಡಲ ಶಂಖದ ಬಿಳಿಯ ಪದರದಲ್ಲಿ ಮುಖವನ್ನು ಉಬ್ಬಾಗಿ ಕೊರೆದು, ಕೆಳಗಿನ ಕಂದು ಪದರವನ್ನು ಹಿನ್ನೆಲೆಯಾಗಿ ಉಳಿಸಿರುವರು. ನಿಜವಾದ ಚಿಪ್ಪನ್ನು ಬೆಳಕಿಗೆ ಹಿಡಿದರೆ ಮುಖದ ನೆರಳು ಹಿಂಬದಿಯಿಂದ ಕಾಣುವುದು. ಬೆನ್ನು ಸಾಮಾನ್ಯವಾಗಿ ತುಸು ತಗ್ಗಾಗಿರುವುದು.

ಇನ್ನು ತೊಳೆಯುವ ಮಾತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮನೆಗಳಲ್ಲಿ ಹಿತ್ತಾಳೆಗೆ ಹುಣಿಸೆಹಣ್ಣಿಗಿಂತ ಮಿಗಿಲಾದುದಿಲ್ಲ. ಚಿಪ್ಪಿಗೆ ಅದನ್ನು ಮುಟ್ಟಿಸಲೇ ಕೂಡದು! ಚಿಪ್ಪು ಸುಣ್ಣದ ಜಾತಿಯದು. ಹುಳಿ ಸೋಕಿದರೆ ಕರಗಿ, ಕೆತ್ತನೆಯ ನಯವೆಲ್ಲ ಮಾಸಿಹೋಗುವುದು. ಹೋದ ಹೊಳಪು ಮರಳಿ ಬಾರದು. ಉಗುರುಬೆಚ್ಚನೆಯ ನೀರಿಗೆ ಒಂದು ತೊಟ್ಟು ಮೃದುವಾದ ಸಾಬೂನು ಬೆರೆಸಿ, ಮೆತ್ತನೆಯ ಕುಂಚದಿಂದ ಸವರಿ, ನೆನೆಯಗೊಡದೆ ಒಡನೆ ಒರಸಿಡತಕ್ಕದ್ದು. ದೇವರಮನೆಯ ಶಂಖಕ್ಕೂ ಇದೇ ಉಪಚಾರ.