ಸೈಪ್ರಸ್ಸಿನ ವರ್ಣಕುಂಭಗಳು



ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗದಲ್ಲಿ ಏಷ್ಯಾ ಮೈನರ್, ಸಿರಿಯ, ಈಜಿಪ್ಟುಗಳಿಗೆ ಹೋಗುವ ಹಡಗುಗಳ ಹಾದಿಯಲ್ಲಿ ನೆಲಸಿರುವ ಸೈಪ್ರಸ್ ದ್ವೀಪವು ಪ್ರಾಚೀನ ಜಗತ್ತಿಗೆ ತಾಮ್ರವನ್ನೊದಗಿಸಿ ಪ್ರಸಿದ್ಧವಾಯಿತೆಂಬುದು ತಮಗೆ ತಿಳಿದ ಸಂಗತಿಯೇ ಆಗಿದೆ. ಆದರೆ ಅಲ್ಲಿಯ ಜನರ ಅಭಿರುಚಿಯನ್ನರಿಯಬಯಸುವವರಿಗೆ ಆ ಲೋಹಕ್ಕಿಂತಲೂ ಸ್ಪಷ್ಟವಾದ ಸಾಕ್ಷ್ಯವನ್ನು ನುಡಿಯತಕ್ಕವು ಅವರ ಸಮಾಧಿಗಳಲ್ಲಿ ಉಳಿದುಬಂದ ಮಣ್ಣಿನ ಪಾತ್ರೆಗಳು. 1927ರಿಂದ 1931ರವರೆಗೆ ಐನಾರ್ ಯೆರ್‌ಸ್ಟಾಡ್ ಅವರ ನೇತೃತ್ವದಲ್ಲಿ ಉತ್ಖನನ ನಡೆಸಿದ ಸ್ವೀಡನ್ನಿನ ವಿದ್ವಾಂಸರು ದ್ವೀಪದ ಪ್ರಾಚೀನ ಕಾಲಾನುಕ್ರಮವನ್ನು ನಿರ್ಣಯಿಸುವಲ್ಲಿ ಈ ಪಾತ್ರೆಗಳ ಆಕಾರಾಲಂಕಾರಗಳನ್ನೇ ಬಹುವಾಗಿ ಅವಲಂಬಿಸಿದರು.

ಕಂಚಿನ ಯುಗದ ಉತ್ತರಭಾಗದಲ್ಲಿ, ಬಿಳಿಯ ಲೇಪದ ಮೇಲೆ ಕಂದುಬಣ್ಣದ ಏಣಿಗೆರೆಗಳನ್ನೂ ಚೌಕುಳಿಗಳನ್ನೂ ಬರೆದ, ಕೈಯಿಂದಲೇ ರೂಪಿಸಿದ ದುಂಡುತಳದ ಬಟ್ಟಲುಗಳು ಕಡಲನ್ನು ದಾಟಿ ಸಿರಿಯ, ಈಜಿಪ್ಟುಗಳ ಮನೆಗಳನ್ನು ಸೇರಿದುವು. ಕ್ರಿ. ಪೂ. 1050ರ ಈಚೆಗೆ, ತಿಗರಿಯ ಬಳಕೆ ನೆಲೆಗೊಂಡ ಕಾಲದಲ್ಲಿ, ಜ್ಯಾಮಿತಿಯು ಕುಂಬಾರನ ಕೈಗೆ ಒಲಿದುಬಂದಿತು: ತಿರುಗುತ್ತಿರುವ ಪಾತ್ರೆಗೆ ಕುಂಚವನ್ನು ಸೋಕಿಸಿದೊಡನೆ ಪಟ್ಟೆಗಳು ಸುತ್ತುವರಿದುವು, ಹಲವು ಕುಂಚಗಳನ್ನು ಒಟ್ಟಿಗೆ ಜೋಡಿಸಿದ ಕೈವಾರವು ಒಂದೇ ಕೇಂದ್ರದ ಸುತ್ತ ಕೂದಲೆಳೆಯಷ್ಟು ಸಣ್ಣ ವೃತ್ತಗಳನ್ನು ಒಂದೇ ಸಲಕ್ಕೆ ಬರೆಯಿತು.

ಇಂತಹ ಶಿಸ್ತಿನಲ್ಲಿ ಪಳಗಿದ ಪರಂಪರೆಯೇ ಕ್ರಿ. ಪೂ. ಏಳನೆಯ ಶತಮಾನದ ಹೊತ್ತಿಗೆ, ಮಸುಕುಬಿಳಿಯ ಮೈಯ ಮೇಲೆ ಕಪ್ಪು ಕೆಂಪುಗಳೆಂಬ ಎರಡೇ ಬಣ್ಣಗಳಿಂದ, ನೆಲದ ಗೆರೆಯನ್ನಾಗಲಿ ಚೌಕಟ್ಟನ್ನಾಗಲಿ ಬಯಸದ ಸ್ವಚ್ಛಂದ ಚಿತ್ರಗಳನ್ನು ಸೃಷ್ಟಿಸಿತು. ಅರ್ನಾಧಿಯಲ್ಲಿ ದೊರೆತು ಈಗ ನಿಕೋಸಿಯದ ಸೈಪ್ರಸ್ ವಸ್ತುಸಂಗ್ರಹಾಲಯದಲ್ಲಿರುವ ಹೂಜಿಯನ್ನು ನೋಡಿರಿ: ಅದರ ಉಬ್ಬಿದ ಉದರದ ಮೇಲೆ ಒಂದು ಮಹಾವೃಷಭವು ಕಮಲವನ್ನು ಆಘ್ರಾಣಿಸುತ್ತಿದೆ; ಬಲಿಷ್ಠವಾದ ಆ ಪ್ರಾಣಿಯ ಮುಸುಡಿಗೆ ಸುಕುಮಾರವಾದ ಆ ಪುಷ್ಪವು ಸಮೀಪಿಸಿರುವ ಪರಿಯಲ್ಲಿಯೇ ಚಿತ್ರದ ಸ್ವಾರಸ್ಯವೆಲ್ಲ ಅಡಗಿದೆ; ಸುತ್ತಣ ಮೈಯನ್ನು ಕಲಾವಿದನು ಬರಿದಾಗಿಯೇ ಬಿಟ್ಟಿರುವನು.

ಈ ಬಗೆಯ ಹೂಜಿಗಳಲ್ಲಿ ಚಿತ್ರವಿರುವ ಸ್ಥಾನವೂ ವಿಚಾರಾರ್ಹವಾದುದು. ಅದು ಹಿಡಿಕೆಯ ಎದುರುಬದಿಯಲ್ಲಿರುವುದರಿಂದ, ಪಾನೀಯವನ್ನು ಬಗ್ಗಿಸುವವನ ಕಣ್ಣಿಗೆ ಮರೆಯಾಗಿ, ಎದುರಿನಲ್ಲಿ ಬಟ್ಟಲನ್ನೊಡ್ಡಿದ ಅತಿಥಿಗೆ ಮಾತ್ರ ಪೂರ್ಣವಾಗಿ ಗೋಚರಿಸುವುದು. ಆದುದರಿಂದ ಈ ಅಲಂಕಾರವನ್ನು ಪಾತ್ರೆಗೆ ಹಚ್ಚಿದ ಬಣ್ಣವೆಂದಷ್ಟೇ ಎಣಿಸದೆ ಉಪಚಾರದ ಒಂದು ಅಂಗವೆಂದೇ ನಾವು ಗ್ರಹಿಸತಕ್ಕದ್ದು. ಪಾತ್ರೆಯ ಉಪಯೋಗವನ್ನು ಮರೆತು ಅದರ ಚಿತ್ರವನ್ನಷ್ಟೇ ಹೊಗಳುವ ವಿಮರ್ಶೆಯು ಆ ಕುಂಬಾರನ ವಿವೇಕದಲ್ಲಿ ಅರ್ಧವನ್ನು ಮಾತ್ರ ಕಂಡಂತಾಗುವುದು.